ಕೋಳಿಗೆ ಹಾಕಿಬಿಡಿ ಅನ್ನುವ ಮುಂಚೆ

ನಮ್ಮ ರಾಮನಗರದ ಸೀಮೆಯಲ್ಲಿ ಯಾರ ಮನೆಗಾದರೂ ಹೋಗಿ, ಮುಗ್ಗಿದ ಕಾಳನ್ನು ಏನು ಮಾಡುತ್ತೀರಿ ಎಂದು ಕೇಳಿ ನೋಡಿ. ಚನ್ನಪಟ್ಟಣವಾಗಲಿ, ಮಾಗಡಿಯಾಗಲಿ, ಕನಕಪುರದಾಚೆಯ ಕಾಡಂಚಿನ ಹಳ್ಳಿಯಾಗಲಿ, ಉತ್ತರ ಒಂದೇ: "ಕೋಳಿಗೆ ಹಾಕ್ತೀವಿ." ಮನುಷ್ಯರು ತಿನ್ನಲಾಗದ್ದು, ದನ ಮೂಸಿ ಬಿಟ್ಟದ್ದು, ಮೊರದಲ್ಲಿ ಕೇರುವಾಗ ಮುಂದಕ್ಕೆ ಬಂದ ಜೊಳ್ಳು, ಮಳೆಗೆ ನೆಂದು ಹಸಿರು ಬೂಷ್ಟು ಹಿಡಿದ ಮುಸುಕಿನ ಜೋಳ, ಎಲ್ಲವೂ ಕೊನೆಗೆ ಹೋಗಿ ಬೀಳುವುದು ಹಿತ್ತಲಿನ ಕೋಳಿಯ ಮುಂದೆ. ಒಂದು ಹಿಡಿ ಕಾಳನ್ನೂ ಎಸೆಯಲು ಮನಸ್ಸು ಬಾರದ ರೈತಾಪಿ ಮನೆಗಳ ಪದ್ಧತಿ ಇದು, ಆ ಮನಸ್ಸಿನ ಬಗ್ಗೆ ನನಗೆ ಗೌರವವಿದೆ. ಆದರೆ ಈ ಒಂದು ಪದ್ಧತಿಯನ್ನು ನಾವು ಬಿಡಲೇಬೇಕು. ಬೇಲಿ ಪಕ್ಕ ನಿಂತು ಎಷ್ಟು ಸಲ ಬೇಕಾದರೂ ಇದನ್ನು ಹೇಳಲು ನಾನು ತಯಾರು.

ಪಕ್ಕದ ಮನೆ ಅಕ್ಕನ ಜೊತೆ ಮೊನ್ನೆ ಇದೇ ಮಾತು. ಅವರ ಹಿತ್ತಲಲ್ಲಿ ನಾಲ್ಕಾರು ನಾಟಿ ಹ್ಯಾಟೆಗಳಿವೆ, ಜೊತೆಗೆ ಮಗ ತಂದುಬಿಟ್ಟ ಒಂದು ಡಜನ್ ಲೇಯರ್ ಕೋಳಿ.

"ಅಲ್ಲ ಕಣಪ್ಪ, ಗೌರಿ ಹಬ್ಬದಾಗ ದಿನಾ ಹತ್ತು ಮೊಟ್ಟೆ ಸಿಕ್ತಿತ್ತು. ಈಗ ಆರು ಸಿಕ್ಕಿದ್ರೆ ಹೆಚ್ಚು. ಇಟ್ಟಿದ್ದೂ ಸಣ್ಣ ಸಣ್ಣವು, ಹಿಡ್ಕೊಂಡ್ರೆ ಸಾಕು ಚಿಪ್ಪು ಒಳಕ್ಕೆ ಕುಸೀತದೆ. ಯಾರ ಕಣ್ಣು ಬಿತ್ತೋ ಏನೋ."

"ಏನು ಹಾಕ್ತಿದ್ದೀರಕ್ಕ?"

"ಅದೇ ಜೋಳ. ಕಣದಲ್ಲಿದ್ದಾಗ ಮಳೆಗೆ ಸಿಕ್ಕಿ ಮುಗ್ಗೋಯ್ತಲ್ಲ, ಆ ಎರಡು ಮೂಟೆ. ಮಾರಕ್ಕೆ ಹೋದ್ರೆ ಯಾರ್ ತಗೋತಾರೆ? ಮಿಲ್ಲಲ್ಲಿ ನುಚ್ಚು ಮಾಡಿಸಿ ಹಾಕ್ತಿದ್ದೀನಿ. ಚೆನ್ನಾಗೇ ತಿಂತವೆ."

ಇಡೀ ಕಾಳು ಹಾಕಿದ್ದರೆ ಕೋಳಿ ಒಂದಿಷ್ಟಾದರೂ ಆಯ್ದು ತಿನ್ನುತ್ತಿತ್ತು. ನುಚ್ಚು ಮಾಡಿಸಿದ ಮೇಲೆ ಒಳ್ಳೆಯದು ಕೆಟ್ಟದ್ದು ಒಂದಾಗಿ, ಅದಕ್ಕೆ ಆ ದಾರಿಯೂ ಮುಚ್ಚಿತು. ಒಂದು ಲೇಯರ್ ಕೋಳಿ ದಿನಕ್ಕೆ ನೂರು, ನೂರಹತ್ತು ಗ್ರಾಂ ಮೇವು ತಿನ್ನುತ್ತದೆ. ಅಂಗಡಿಯಿಂದ ತಂದ ಫೀಡಿನಲ್ಲೂ ಸುಮಾರು ಅರ್ಧದಷ್ಟು ಮುಸುಕಿನ ಜೋಳವೇ ಇರುತ್ತದೆ. ಜೋಳ ಕೆಟ್ಟರೆ ಕೋಳಿಯ ಅರ್ಧ ಊಟ ಕೆಟ್ಟಂತೆ.

ಅಕ್ಕನ ಮನೆಯವರು ರೇಷ್ಮೆ ಸಾಕಿದವರು. ಹಾಗಾಗಿ ಬೂಷ್ಟಿನ ಬಗ್ಗೆ ಅವರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಥಂಡಿ ಹೆಚ್ಚಾದಾಗ ಸುಣ್ಣಕಟ್ಟು ಬಂದು, ಹುಳು ಸತ್ತು ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಬಿರುಸಾಗುವುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಅದಕ್ಕೆಂದೇ ಹುಳು ಮನೆಗೆ ಸುಣ್ಣ ಹೊಡೆಯುತ್ತಾರೆ, ಹಾಸಿಗೆ ಒಣಗಿಸುತ್ತಾರೆ, ಕಾಲು ತೊಳೆಯದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಅದೇ ಹುಳು ಮನೆಯ ಹೊರಗೋಡೆಗೆ ಒರಗಿಸಿ, ನೆಲದ ಮೇಲೆ, ಕೋಳಿಯ ಜೋಳದ ಮೂಟೆ ಇಟ್ಟಿರುತ್ತಾರೆ. ಎರಡೂ ಶಿಲೀಂಧ್ರದ ಕೆಲಸವೇ. ವ್ಯತ್ಯಾಸ ಇಷ್ಟು: ಸುಣ್ಣಕಟ್ಟಿನಲ್ಲಿ ಬೂಷ್ಟು ಹುಳುವಿನ ಮೈಯೊಳಗೇ ಹೊಕ್ಕು ಬೆಳೆಯುತ್ತದೆ. ಮೇವಿನ ಬೂಷ್ಟು ಸಾಮಾನ್ಯವಾಗಿ ಕೋಳಿಯ ಮೈಗೆ ಬರುವುದಿಲ್ಲ. ಅದು ಕಾಳಿನಲ್ಲೇ ಬೆಳೆದು, ಅಲ್ಲೇ ವಿಷ ಬಿಟ್ಟಿರುತ್ತದೆ. ಆ ಬೂಷ್ಟು ಒಣಗಿ ಸತ್ತರೂ, ನಾವು ಒರೆಸಿ ತೆಗೆದರೂ ವಿಷ ಕಾಳಿನಲ್ಲೇ ಉಳಿಯುತ್ತದೆ.

"ಹಂಗಾದ್ರೆ ಬೇಯಿಸಿ ಹಾಕ್ಲಾ?" ಎಂದರು ಅಕ್ಕ. ಬಹಳ ಜನ ಕೇಳುವ ಪ್ರಶ್ನೆ ಇದು. ಬೇಯಿಸಿದರೆ ಹೋಗುವುದಿಲ್ಲ. ಅಫ್ಲಾಟಾಕ್ಸಿನ್ ಎಂಬ ಈ ವಿಷ ಒಡೆದುಹೋಗಬೇಕಾದರೆ ಇನ್ನೂರು ಡಿಗ್ರಿ ದಾಟಿದ ಶಾಖ ಬೇಕು, ನೀರು ಕುದಿಯುವುದು ನೂರರಲ್ಲಿ. ಬಿಸಿಲಿಗೆ ಹಾಕಿದರೆ ತೇವ ಹೋಗುತ್ತದೆ, ಹೊಸ ಬೂಷ್ಟು ಬೆಳೆಯುವುದು ನಿಲ್ಲುತ್ತದೆ, ಆಗಲೇ ಕೂತಿರುವ ವಿಷ ಹಾಗೇ ಇರುತ್ತದೆ.

ಮೊಟ್ಟೆ ಯಾಕೆ ಕಡಿಮೆಯಾಗುತ್ತದೆ ಎನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇಲ್ಲೇ ಎಲ್ಲರೂ ಲೆಕ್ಕ ತಪ್ಪುವುದು. ಮೊಟ್ಟೆಯ ಹಳದಿ ಭಂಡಾರಕ್ಕೆ ಬೇಕಾದ ಸಾಮಾನು ಅಂಡಾಶಯದಲ್ಲಿ ತಯಾರಾಗುವುದಿಲ್ಲ, ಕೋಳಿಯ ಈಲಿಯಲ್ಲಿ ತಯಾರಾಗುತ್ತದೆ. ಅಲ್ಲಿಂದ ರಕ್ತದ ಮೂಲಕ ಹೋಗಿ ಅಂಡಾಶಯದಲ್ಲಿ ಒಂದೊಂದು ಭಂಡಾರವಾಗಿ ತುಂಬಿಕೊಳ್ಳಲು ಒಂದು ವಾರದಿಂದ ಹತ್ತು ದಿನ ಹಿಡಿಯುತ್ತದೆ. ಅಫ್ಲಾಟಾಕ್ಸಿನ್ ನೇರವಾಗಿ ಬಂದು ಹೊಡೆಯುವುದು ಈಲಿಗೆ. ಇವತ್ತು ಈಲಿಗೆ ಏಟು ಬಿದ್ದರೂ ಆಗಲೇ ಅರ್ಧ ತುಂಬಿದ ಭಂಡಾರಗಳು ಮೊಟ್ಟೆಯಾಗಿ ಹೊರಬರುತ್ತಲೇ ಇರುತ್ತವೆ. ಹೊಸ ಮೂಟೆ ಬಿಚ್ಚಿದ ವಾರವೆಲ್ಲ ಮೊಟ್ಟೆ ಚೆನ್ನಾಗೇ ಸಿಗುತ್ತದೆ, ಆಮೇಲೆ ಇಳಿಯಲು ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಮೂಟೆಯ ನೆನಪು ಯಾರಿಗೂ ಇರುವುದಿಲ್ಲ. ದೃಷ್ಟಿಯಾಯಿತು, ಗಾಳಿ ಸೋಕಿತು, ಹುಂಜ ಸರಿಯಿಲ್ಲ ಎಂದು ಬೇರೆ ಕಾರಣ ಹುಡುಕುತ್ತೇವೆ.

ಚಿಪ್ಪು ತೆಳುವಾಗುವುದೂ ಇದರ ಇನ್ನೊಂದು ಪರಿಣಾಮ. ಚಿಪ್ಪಿಗೆ ಸುಣ್ಣದಂಶ ಸೇರಬೇಕಾದರೆ ಡಿ ಜೀವಸತ್ವ ಬೇಕು. ಅದು ಕೆಲಸಕ್ಕೆ ಬರುವ ರೂಪಕ್ಕೆ ತಿರುಗುವುದು ಮೊದಲು ಈಲಿಯಲ್ಲಿ, ಆಮೇಲೆ ಮೂತ್ರಪಿಂಡದಲ್ಲಿ. ಈಲಿಯನ್ನು ಅಫ್ಲಾಟಾಕ್ಸಿನ್ ಕೆಡಿಸುತ್ತದೆ, ಮೂತ್ರಪಿಂಡವನ್ನು ಓಕ್ರಾಟಾಕ್ಸಿನ್ ಎಂಬ ಇನ್ನೊಂದು ಬೂಷ್ಟುವಿಷ ಕೆಡಿಸುತ್ತದೆ. ಇಂಥ ಕೋಳಿಗೆ ಎಷ್ಟು ಕಪ್ಪೆಚಿಪ್ಪಿನ ಪುಡಿ ಹಾಕಿದರೂ ಚಿಪ್ಪು ಗಟ್ಟಿಯಾಗುವುದಿಲ್ಲ. ಓಕ್ರಾಟಾಕ್ಸಿನ್ ತಿಂದ ಕೋಳಿ ನೀರು ಹೆಚ್ಚು ಕುಡಿಯುತ್ತದೆ, ಹಿಕ್ಕೆ ತೆಳ್ಳಗಾಗುತ್ತದೆ, ಮೊಟ್ಟೆಯ ಮೇಲೆ ಹಳದಿ ಕಲೆ ಕಾಣುತ್ತದೆ. ಟಿ-2 ಎನ್ನುವುದು ಮೂರನೆಯದು, ಅದನ್ನು ಹುಡುಕಲು ಕೋಳಿಯ ಬಾಯಿ ಬಿಡಿಸಿ ನೋಡಬೇಕು: ನಾಲಿಗೆಯ ತುದಿಯಲ್ಲಿ, ಕೊಕ್ಕಿನ ಒಳ ಅಂಚಿನಲ್ಲಿ ಬಿಳಿ, ಹಳದಿ ಹುಣ್ಣು ಪದರುಗಟ್ಟಿರುತ್ತದೆ. ಅಂಥ ಕೋಳಿ ಮೇವನ್ನೇ ಬಿಟ್ಟುಬಿಡುತ್ತದೆ.

ಕಣ್ಣಿಗೆ ಕಾಣದ ನಷ್ಟ ಇನ್ನೊಂದಿದೆ, ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾಗುವುದು ಅದರಿಂದ. ಅಫ್ಲಾಟಾಕ್ಸಿನ್ ಕೋಳಿಯ ರೋಗನಿರೋಧಕ ಶಕ್ತಿಯನ್ನು ತಿಂದುಹಾಕುತ್ತದೆ. ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸಿರುತ್ತೇವೆ, ಆ ಲಸಿಕೆ ಮೈಯಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ರೋಗ ಬಂದು ಸಾಲುಸಾಲಾಗಿ ಸತ್ತಾಗ "ಲಸಿಕೆ ಹಾಕಿಸಿದ್ವಿ, ಏನೂ ಉಪಯೋಗ ಆಗ್ಲಿಲ್ಲ" ಎಂದು ಹೆಣ್ಣುಮಕ್ಕಳು ಮುಂದಿನ ಸಲ ಲಸಿಕೆಯನ್ನೇ ಬಿಡುತ್ತಾರೆ. ತಪ್ಪು ಲಸಿಕೆಯದಲ್ಲ, ಮೂಟೆಯದು.

ಲೋಕಕ್ಕೆ ಈ ವಿಷದ ಪರಿಚಯವಾದದ್ದೇ ಕೋಳಿ ಜಾತಿಯ ಹಕ್ಕಿಯಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಮರಿಗಳು ಸತ್ತವು. ಕಾರಣ ತಿಳಿಯದೆ ಅದಕ್ಕೆ 'ಟರ್ಕಿ ಎಕ್ಸ್' ಎಂದು ಹೆಸರಿಟ್ಟರು. ಕೊನೆಗೆ ಜಾಡು ಹಿಡಿದು ಹೋದರೆ, ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ನಮ್ಮ ದೇಶದಲ್ಲಿ ಇದು ಮನುಷ್ಯರನ್ನೇ ಕೊಂದಿದೆ. 1974ರಲ್ಲಿ ರಾಜಸ್ಥಾನದ ಬಾಂಸ್ವಾಡಾ, ಗುಜರಾತಿನ ಪಂಚಮಹಲ್ ಕಡೆಯ ಹಳ್ಳಿಗಳಲ್ಲಿ ಮಳೆಗೆ ಮುಗ್ಗಿದ ಮುಸುಕಿನ ಜೋಳ ತಿಂದು ಕಾಮಾಲೆಯಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ಅಡುಗೆ ತಿಂದ ಮನೆಯ ನಾಯಿಗಳೂ ಹೊಟ್ಟೆ ಊದಿ ಸತ್ತವು. 1995ರಲ್ಲಿ ನಮ್ಮ ದಖನ್ ಪ್ರಸ್ಥಭೂಮಿಯಲ್ಲೇ, ಆಂಧ್ರ ಮತ್ತು ಕರ್ನಾಟಕದ ಹಳ್ಳಿಗಳಲ್ಲಿ, ಕೊಯ್ಲಿನ ಹೊತ್ತಿಗೆ ಅಕಾಲಿಕ ಮಳೆ ಬಂದು ನೆಂದ ಬಿಳಿಜೋಳ, ಮುಸುಕಿನ ಜೋಳ ಉಂಡವರಿಗೆ ಹೊಟ್ಟೆನೋವು, ಹೊಟ್ಟೆ ಗುಡುಗುಡು, ಭೇದಿ ಹತ್ತಿತು. ಅದಕ್ಕೆ ಕಾರಣ ಫ್ಯುಮೋನಿಸಿನ್ ಎಂಬ ಇನ್ನೊಂದು ಬೂಷ್ಟುವಿಷ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ ವಿಜ್ಞಾನಿಗಳು ಆ ಕಾಳನ್ನು ಕೋಳಿಮರಿಗಳಿಗೆ ತಿನ್ನಿಸಿ ನೋಡಿದಾಗ ಅವಕ್ಕೂ ಭೇದಿಯಾಯಿತು.

ಮೊಟ್ಟೆ ಕೋಳಿಗಳದೇ ಒಂದು ಪ್ರಕರಣ 1997ರಲ್ಲಿ 'ಬ್ರಿಟಿಷ್ ಪೌಲ್ಟ್ರಿ ಸೈನ್ಸ್' ಪತ್ರಿಕೆಯಲ್ಲಿ ಬಂತು, ಅದೂ ನಮ್ಮ ದೇಶದ್ದೇ. ಮೊದಲು ಕಪ್ಪಗೆ ಅಂಟಂಟಾದ ಹಿಕ್ಕೆ, ಆಮೇಲೆ ಮೇವು ಬಿಡುವುದು, ಮೊಟ್ಟೆ ಇಳಿಯುವುದು, ಮೈ ಸೊರಗುವುದು, ಕೊನೆಗೆ ಕಾಲು ಕುಂಟಿ ಸಾಯುವುದು. ಮೇವು ಪರೀಕ್ಷೆ ಮಾಡಿದರೆ ಫ್ಯುಮೋನಿಸಿನ್ನೂ ಅಫ್ಲಾಟಾಕ್ಸಿನ್ನೂ ಒಟ್ಟಿಗೇ ಸಿಕ್ಕವು. ಒಂದೇ ಮೂಟೆಯಲ್ಲಿ ಎರಡು ಮೂರು ವಿಷ ಸೇರಿಕೊಂಡರೆ ಹಾನಿ ಹೆಚ್ಚಾಗುತ್ತದೆ. ನಮ್ಮ ಬೆಂಗಳೂರಿನ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಜಿ. ದೇವೇಗೌಡರು ಮತ್ತು ಅವರ ಸಂಗಡಿಗರು ಇದನ್ನೇ ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿದರು. ಅಫ್ಲಾಟಾಕ್ಸಿನ್, ಓಕ್ರಾಟಾಕ್ಸಿನ್, ಟಿ-2 ಮೂರನ್ನೂ ಬಿಡಿಯಾಗಿ, ಜೋಡಿಯಾಗಿ ಬ್ರಾಯ್ಲರ್ ಮರಿಗಳಿಗೆ ಕೊಟ್ಟು, ಯೀಸ್ಟ್ ಕೋಶದ ಗೋಡೆಯಿಂದ ತೆಗೆದ ಒಂದು ಪದಾರ್ಥ ಈ ವಿಷಗಳನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂದು ತೋರಿಸಿದ ಅವರ ಲೇಖನ 2000ರಲ್ಲಿ ಅದೇ ಪತ್ರಿಕೆಯಲ್ಲಿ ಬಂದಿದೆ. ಗಿರಿರಾಜ ಕೋಳಿ ಕೊಟ್ಟ ಹೆಬ್ಬಾಳವೇ ಇದನ್ನೂ ಕೊಟ್ಟಿದ್ದು. ಇಲ್ಲಿಂದ ಒಂದೂವರೆ ಗಂಟೆ ದಾರಿಯಲ್ಲಿ ಇಷ್ಟೊಂದು ತಿಳಿವಳಿಕೆ ಇದ್ದೂ ಅದು ನಮ್ಮ ಹಿತ್ತಲಿಗೆ ಬಂದಿಲ್ಲ ಎನ್ನುವುದೇ ನನ್ನ ಕೊರಗು.

ಈಗ ಅಂಗಡಿಗಳಲ್ಲಿ 'ಟಾಕ್ಸಿನ್ ಬೈಂಡರ್' ಎಂದು ಪುಡಿ ಮಾರುತ್ತಾರೆ. ಅದನ್ನು ನಾನು ಬೇಡ ಎನ್ನುವುದಿಲ್ಲ. ಬೆಂಟೋನೈಟ್‌ನಂಥ ಜೇಡಿ ಜಾತಿಯ ಪುಡಿ ಅಫ್ಲಾಟಾಕ್ಸಿನ್ನನ್ನು ಕರುಳಲ್ಲೇ ಹಿಡಿದುಕೊಂಡು ಹಿಕ್ಕೆಯಲ್ಲಿ ಹೊರಗೆ ಹಾಕುತ್ತದೆ. ಟಿ-2ನಂಥವನ್ನು ಅದು ಅಷ್ಟಾಗಿ ಹಿಡಿಯುವುದಿಲ್ಲ. ಫೀಡಿಗೆ ಬೆರೆಸುವ ಪ್ರೊಪಿಯಾನಿಕ್ ಆಮ್ಲ ಬೂಷ್ಟು ಬೆಳೆಯದಂತೆ ತಡೆಯುತ್ತದೆ, ಆಗಲೇ ಆಗಿರುವ ವಿಷವನ್ನು ಮುಟ್ಟುವುದಿಲ್ಲ. ಸಾಧಾರಣ ಮೇವಿಗೆ ಕಾವಲಾಗಿ ಇವು ಸರಿ. ಹಸಿರುಗಟ್ಟಿದ ಜೋಳಕ್ಕೆ ಪುಡಿ ಬೆರೆಸಿ ಹಾಕಿದರೆ ಆಯಿತು ಎಂದುಕೊಂಡರೆ ದುಡ್ಡೂ ಹೋಗುತ್ತದೆ, ಕೋಳಿಯೂ ಹೋಗುತ್ತದೆ. ಕೋಳಿ ಮೇವಿನಲ್ಲಿ ಅಫ್ಲಾಟಾಕ್ಸಿನ್ ಬಿ1ಕ್ಕೆ ಭಾರತೀಯ ಮಾನಕ ಬ್ಯೂರೋ ಇಟ್ಟಿರುವ ಮಿತಿ ಕೆಜಿಗೆ 20 ಮೈಕ್ರೋಗ್ರಾಂ. ಅಂದರೆ ಇಡೀ ಒಂದು ಟನ್ ಮೇವಿನಲ್ಲಿ 20 ಮಿಲಿಗ್ರಾಂ, ಒಂದು ಚಿಟಿಕೆ ಉಪ್ಪಿಗಿಂತ ಎಷ್ಟೋ ಕಡಿಮೆ.

"ಕೋಳಿಗೆ ಬ್ಯಾಡ ಅಂದ್ರೆ ಹಸೀಗ್ ಹಾಕ್ತೀನಿ ಬಿಡು, ಅದೇನು ಕೋಳಿಯಂಗ್ ಸಾಯ್ತದಾ?" ಎಂದರು ಅಕ್ಕ.

ಅದು ಇನ್ನೂ ಅನ್ಯಾಯ. ಕೋಳಿ ತಿಂದ ಅಫ್ಲಾಟಾಕ್ಸಿನ್ ಮೊಟ್ಟೆಯೊಳಕ್ಕೆ ಇಳಿಯುವುದು ತೀರಾ ಅಲ್ಪ. ಹಸು ತಿಂದದ್ದು ಹಾಗಲ್ಲ. ಅದರ ಒಂದು ಪಾಲು ಎಂ1 ಎಂಬ ರೂಪಕ್ಕೆ ತಿರುಗಿ, ಒಂದು ದಿನದೊಳಗೇ ಹಾಲಿಗೆ ಬಂದುಬಿಡುತ್ತದೆ, ಹಾಲು ಕಾಯಿಸಿದರೂ ಹೋಗುವುದಿಲ್ಲ. ಆ ಹಾಲಿನ ಒಂದು ಚೊಂಬು ಡೇರಿಗೆ, ಒಂದು ಲೋಟ ಮೊಮ್ಮಗುವಿಗೆ. ಹಾಲಿನಲ್ಲಿ ಎಂ1 ಕೆಜಿಗೆ ಅರ್ಧ ಮೈಕ್ರೋಗ್ರಾಂ ದಾಟಬಾರದು ಎಂದು ಕಾನೂನಿದೆ. ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ, ಕೊಬ್ಬರಿ ಹಿಂಡಿ ಕೊಳ್ಳುವಾಗಲೂ ಒಡೆದು ಮೂಸಿ ನೋಡಬೇಕು. ರಾಮನಗರದ ಬಿಚ್ಚಾಣಿಕೆ ಮನೆಗಳಿಂದ ತರುವ ರೇಷ್ಮೆ ಪ್ಯೂಪಾ ಕೂಡ ಹಾಗೆಯೇ. ಅದರಲ್ಲಿ ಸಾರವೇನೋ ಬಹಳ, ಆದರೆ ನೀರು ಬಾಣಲೆಯಿಂದ ತೆಗೆದ ಒದ್ದೆ ಸರಕು, ಎಣ್ಣೆ ಅಂಶವೂ ಹೆಚ್ಚು, ಆ ದಿನವೇ ಬಿಸಿಲಿಗೆ ಹರಡದಿದ್ದರೆ ಕೆಡುತ್ತದೆ.

ಹಿಂದಿನವರು ಈ ವಿಷದ ಹೆಸರು ಕೇಳಿದವರಲ್ಲ, ಆದರೂ ತೇವವನ್ನು ಅವರಷ್ಟು ಅರಿತವರಿರಲಿಲ್ಲ. ನಮ್ಮ ಕಡೆ ರಾಗಿಯನ್ನು ನೆಲದೊಳಗೆ ತೋಡಿದ ಹಗೇವಿಗೆ ಹಾಕುತ್ತಿದ್ದರು. ರಾಗಿ ಹಲ್ಲಿಗೆ ಕಟಕ್ಕನ್ನುವ ತನಕ ಒಣಗಿಸಿ, ಹಗೇವಿನ ಗೋಡೆಗೆಲ್ಲ ಹುಲ್ಲು ಕೊಟ್ಟು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಒಳಗಿನ ಗಾಳಿಯಲ್ಲಿ ಆಮ್ಲಜನಕ ತೀರಿ ಹುಳುವೂ ಹುಟ್ಟದು, ಬೂಷ್ಟೂ ಬೆಳೆಯದು. ವರ್ಷಗಟ್ಟಲೆ ರಾಗಿ ಹಾಗೇ ಇರುತ್ತಿತ್ತು. ತೆಗೆಯುವ ದಿನ ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಸಿ ಆರುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಆಳು ಇಳಿಯುತ್ತಿದ್ದ. ಮುಸುಕಿನ ಜೋಳಕ್ಕೆ ರಾಗಿಯ ಆ ಭಾಗ್ಯವಿಲ್ಲ. ದಪ್ಪ ಕಾಳು, ಒಳಗಿನ ತೇವ ಬೇಗ ಬಿಡುವುದಿಲ್ಲ, ಕೊಯ್ಲಿನ ಹೊತ್ತಿಗೆ ಮಳೆ. 2021ರ ನವೆಂಬರಿನಲ್ಲಿ ಮಳೆ ಹಿಡಿದು ಬಿಡದೆ ಹೊಡೆದಾಗ ರಾಗಿ ತೆನೆಯೇ ಹೊಲದಲ್ಲಿ ಮೊಳಕೆ ಬಂದಿತ್ತು, ಇನ್ನು ಜೋಳದ ಪಾಡು ಕೇಳಬೇಕೆ?

ಜೋಳ ಒಣಗಿದೆಯೋ ಇಲ್ಲವೋ ಎಂದು ನೋಡಲು ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯನ್ನು ಅಕ್ಕನಿಗೆ ಬೇಲಿಯ ಮೇಲೇ ಮಾಡಿ ತೋರಿಸಿದೆ. ಚೆನ್ನಾಗಿ ಒಣಗಿದ ಒಂದು ಗಾಜಿನ ಬಾಟಲಿ ಬೇಕು, ಅದರ ಮೂರನೇ ಒಂದು ಭಾಗ ಜೋಳ ತುಂಬಬೇಕು. ಒಲೆಯ ಮೇಲೆ ಹುರಿದು ಆರಿಸಿದ ಪುಡಿಯುಪ್ಪು ಎರಡು ಮೂರು ಚಮಚ ಹಾಕಿ, ಮುಚ್ಚಳ ಬಿಗಿದು ಒಂದು ನಿಮಿಷ ಕುಲುಕಬೇಕು, ಆಮೇಲೆ ಕಾಲು ಗಂಟೆ ಅಲ್ಲಾಡಿಸದೆ ಇಡಬೇಕು. ಉಪ್ಪು ತಳಕ್ಕೆ ಇಳಿದು ಗಾಜು ಸ್ವಚ್ಛವಾಗಿ ಕಂಡರೆ ಕಾಳು ಒಣಗಿದೆ. ಉಪ್ಪು ಗಾಜಿಗೆ ಅಂಟಿಕೊಂಡರೆ ಕಾಳಿನಲ್ಲಿ ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ತೇವ ಇದೆ ಎಂದರ್ಥ, ಚೀಲಕ್ಕೆ ತುಂಬುವ ಹಾಗಿಲ್ಲ. ಅಕ್ಕನ ಮನೆಯ ಬಾಟಲಿಯ ಒಳಗೋಡೆಗೆ ಸುತ್ತಲೂ ಬೆಳ್ಳಗೆ ಉಪ್ಪು ಮೆತ್ತಿಕೊಂಡಿತು. ಅವರು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ತೇವ ನೂರಕ್ಕೆ ಹನ್ನೆರಡು ಹದಿಮೂರಕ್ಕೆ ಇಳಿಯುವ ತನಕ ಜೋಳ ಒಣಗಬೇಕು. ರಾತ್ರಿ ಮಂಜಿಗೆ ಟಾರ್ಪಾಲು ಹೊದಿಸಿದರೆ ಬೆಳಗ್ಗೆ ಎದ್ದ ಕೂಡಲೇ ತೆಗೆಯಬೇಕು, ಇಲ್ಲದಿದ್ದರೆ ಅಡಿಯಲ್ಲಿ ಬೆವರುತ್ತದೆ. ಮೂಟೆಯ ಕೆಳಗೆ ಹಲಗೆ ಇರಲಿ, ಗೋಡೆಗೂ ಮೂಟೆಗೂ ಒಂದು ಗೇಣು ಜಾಗ ಬಿಡಿ.

ಮೊಟ್ಟೆ ಕಡಿಮೆಯಾಯಿತು ಎಂದ ಮಾತ್ರಕ್ಕೆ ಎಲ್ಲವನ್ನೂ ಮೇವಿನ ಮೇಲೆ ಹೊರಿಸಲೂ ಆಗದು. ಕಾರ್ತಿಕದಲ್ಲಿ ಹಗಲು ಕಿರಿದಾಗುತ್ತದೆ, ಪುಕ್ಕ ಉದುರುವ ಕಾಲ ಬರುತ್ತದೆ, ಜಂತುಹುಳು ಇರುತ್ತದೆ, ಕೊಕ್ಕರೆ ರೋಗವೂ ಒಳಗೊಳಗೇ ಬಂದಿರಬಹುದು. ಹಾಗಾಗಿ ಒಂದು ಕೋಳಿ ಸತ್ತರೆ ಗುಂಡಿ ತೋಡುವ ಮೊದಲು ಪಶುವೈದ್ಯರಿಂದ ಕೊಯ್ಯಿಸಿ ನೋಡಿ. ಕೆಂಗಂದು ಬಣ್ಣದ ಈಲಿ ಹಳದಿಗೆ ತಿರುಗಿ, ಊದಿಕೊಂಡು, ಬೆರಳಲ್ಲಿ ಒತ್ತಿದರೆ ಪುಡಿಪುಡಿಯಾದರೆ ಮೇವಿನ ಕಡೆ ಅನುಮಾನ ಹೋಗುತ್ತದೆ. ಖಾತ್ರಿ ಬೇಕೆಂದರೆ ಮೇವಿನ ಪರೀಕ್ಷೆಯೇ ಆಗಬೇಕು. ಕಳಿಸುವಾಗ ಒಂದೇ ಮೂಟೆಯ ಬಾಯಿಂದ ಒಂದು ಹಿಡಿ ತೆಗೆದರೆ ಪ್ರಯೋಜನವಿಲ್ಲ, ವಿಷ ಮೂಟೆಯಲ್ಲಿ ಎಲ್ಲ ಕಡೆ ಸಮನಾಗಿ ಇರುವುದಿಲ್ಲ, ಅಲ್ಲಲ್ಲಿ ಗುಂಪಾಗಿರುತ್ತದೆ. ಎಲ್ಲ ಮೂಟೆಗಳ ಮೇಲೆ, ನಡುವೆ, ತಳದಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ, ಕಾಗದದ ಪೊಟ್ಟಣದಲ್ಲಿ ಒಂದು ಕೆಜಿಯಷ್ಟು ಕೊಡಬೇಕು. ಎಲ್ಲಿಗೆ ಕಳಿಸಬೇಕೆಂದು ತಿಳಿಯದವರು ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಕೇಳಬಹುದು, ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ವಿಚಾರಿಸಬಹುದು.

ಅಕ್ಕನಿಗೆ ಇನ್ನೊಂದು ಚಿಂತೆ ಹತ್ತಿತು. ನಾಟಿ ಹ್ಯಾಟೆಯೊಂದು ಕಾವಿಗೆ ಕೂತಿದೆ, ಮರಿಗಳು ಹೊರಬಂದರೆ ಅವುಗಳ ಗತಿ? ಇಂಥ ಮೇವು ತಿಂದ ಕೋಳಿಯ ಮೊಟ್ಟೆಗಳಲ್ಲಿ ಮರಿಯಾಗುವುದೇ ಕಡಿಮೆ. ಏಳನೇ ದಿನ ಕತ್ತಲಲ್ಲಿ ಮೊಬೈಲ್ ಬೆಳಕಿಗೆ ಹಿಡಿದು, ನರ ಕಾಣದ ಮೊಟ್ಟೆಗಳನ್ನು ತೆಗೆದುಬಿಡಿ ಎಂದೆ. ಹೊರಬಂದ ಮರಿಗೆ ಮಾತ್ರ ಆ ಜೋಳದ ಒಂದು ಕಾಳೂ ಬೀಳಬಾರದು, ದೊಡ್ಡ ಕೋಳಿ ತಡೆದುಕೊಂಡದ್ದನ್ನು ಮರಿ ತಡೆಯುವುದಿಲ್ಲ. ಹ್ಯಾಟೆಗಳಿಗೆ ಸದ್ಯಕ್ಕೆ ಒಳ್ಳೆ ರಾಗಿ, ತೌಡು, ಸೊಪ್ಪು. ಲೇಯರ್‌ಗಳಿಗೆ ಹೊಸ ಫೀಡು ತಂದು ಹಾಕಿ ಮೂರು ವಾರ ಕಾಯಬೇಕು, ದಿನದ ಮೊಟ್ಟೆ ಲೆಕ್ಕವನ್ನು ಕ್ಯಾಲೆಂಡರಿನ ಮೇಲೆ ಬರೆದಿಡಬೇಕು. ಈಲಿ ತೀರಾ ಕೆಡದಿದ್ದರೆ ಮೊಟ್ಟೆ ಮತ್ತೆ ಏರುತ್ತದೆ.

"ಸರಿ, ಉಳಿದಿರೋದ್ನ ತಿಪ್ಪೆಗೆ ಸುರೀತೀನಿ," ಎಂದವರು ಅಲ್ಲೇ ನಿಂತು ಯೋಚಿಸಿದರು. "ಅಲ್ಲಪ್ಪ, ತಿಪ್ಪೆಗ್ ಹಾಕಿದ್ರೆ ಕೆದಕ್ಕೊಂಡು ಅಲ್ಲೇ ತಿನ್ನಲ್ವಾ?"

ತಿನ್ನುತ್ತವೆ. ಹಾಗಾಗಿ ತಿಪ್ಪೆಯ ಪಕ್ಕ ಮೊಣಕಾಲಾಳದ ಗುಂಡಿ ತೆಗೆದು, ಬೂಷ್ಟಿನ ಧೂಳು ಮೂಗಿಗೆ ಹೋಗದಂತೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಜೋಳ ಸುರಿದು, ಮೇಲೆ ಸಗಣಿ ಬಗ್ಗಡ ಹೊಯ್ದು, ಒಂದು ಅಡಿ ಮಣ್ಣು ಎಳೆದು ತುಳಿದು ಮುಚ್ಚಬೇಕು. ಗುದ್ದಲಿ ನಮ್ಮ ಮನೆಯಲ್ಲಿತ್ತು, ಬೇಲಿಯ ಮೇಲಿಂದ ದಾಟಿಸಿದೆ.